ಹೇಪೆನಿ ಸೇತುವೆಯ ಬೀಗಗಳು: ಶನಿವಾರ ಯಾರ್ಯಾರು ಬರುತ್ತೀರಿ?

ಮೂರನೇ ಮಹಡಿ: ಎಲ್ಲರಿಗೂ ನಮಸ್ಕಾರ. ಇವತ್ತು ಕೆಲಸಕ್ಕೆ ಹೋಗುವಾಗ ನಮ್ಮ ಡಬ್ಲಿನ್‌ನ ಲಿಫಿ ನದಿಯ ಹೇಪೆನಿ ಸೇತುವೆ ಮೇಲೆ ನಿಂತು ನೋಡಿದೆ. ಕಂಬಿಗಳಿಗೆ ಮತ್ತೆ ಪ್ರೇಮಿಗಳು ಪ್ರೀತಿಯ ಗುರುತಿಗೆ ಹಾಕಿಹೋಗುವ ಬೀಗ ಬಿದ್ದಿವೆ. ನಡುವಿನ ದೀಪದ ಹತ್ತಿರವೇ ಹನ್ನೊಂದು. ಒಂದು ಬೀಗದ ಕೆಳಗೆ ಬಿಳಿ ಬಣ್ಣ ಉಜ್ಜಿಹೋಗಿ, ತುಕ್ಕಿನ ಗೆರೆ ಬೆರಳುದ್ದ ಇಳಿದಿದೆ. ಫೋಟೋ ಹಾಕಿದ್ದೇನೆ. ನಾವು ದಿನಾ ದಾಟುವ ಸೇತುವೆ ಇದು. ಏನಾದರೂ ಮಾಡೋಣ್ವಾ?

ಎರಡನೇ ಮಹಡಿ: ನನ್ನ ಹತ್ತಿರ ಕಟ್ಟರ್ ಇದೆ. ರಾತ್ರಿ ಹೋಗಿ ಕತ್ತರಿಸಿಬಿಟ್ಟರೆ ಆಯ್ತಲ್ವಾ?

ಹಾಸನದ ಅಕ್ಕ: ಬೇಡಪ್ಪಾ, ದಯವಿಟ್ಟು ಬೇಡ. ಕಟ್ಟಡದ ಕೆಲಸದಲ್ಲೇ ಇರುವವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. ಅದು ಬೀಡು ಕಬ್ಬಿಣ. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಎರಕ ಹೊಯ್ದು ತಂದು 1816ರಲ್ಲಿ ನಿಲ್ಲಿಸಿದ್ದು. ಬೀಡು ಒತ್ತಿದರೆ ಎಷ್ಟು ಭಾರವನ್ನೂ ತಡೆಯುತ್ತದೆ. ಎಳೆದರೆ, ಬಡಿದರೆ ಬಾಗುವುದಿಲ್ಲ, ಟಕ್ಕಂತ ಒಡೆಯುತ್ತದೆ. ಸೇತುವೆಯನ್ನು ಕಮಾನಾಗಿ ಮಾಡಿದ್ದೂ ಅದಕ್ಕೇ. ಉದ್ದ 43 ಮೀಟರ್, ನದಿಯಲ್ಲಿ ಒಂದೂ ಕಂಬ ಇಲ್ಲ. ಮೇಲೆ ನಡೆಯುವವರ ಭಾರವೆಲ್ಲ ಕಮಾನನ್ನು ಒತ್ತುತ್ತಾ ಎರಡೂ ದಡಕ್ಕೆ ಇಳಿಯುತ್ತದೆ. ಆದರೆ ಕಂಬಿಗಳು ತೆಳು. ಕಟ್ಟರ್ ಜಾರಿದರೆ ಬಿರುಕು ಬಿಡುತ್ತವೆ. 2001ರ ದುರಸ್ತಿಯಲ್ಲಿ ಸಾವಿರಕ್ಕೂ ಜಾಸ್ತಿ ತುಂಡುಗಳಿಗೆ ಗುರುತು ಹಾಕಿ, ಬೆಲ್‌ಫಾಸ್ಟ್‌ಗೆ ಒಯ್ದು, ಸರಿಮಾಡಿ ತಂದು ಜೋಡಿಸಿದ್ದಾರೆ. ಬಹುಪಾಲು ಹಳೆಯ ಕಬ್ಬಿಣವೇ ಉಳಿದಿದೆ. ಅದನ್ನು ನಾವು ಒಡೆಯೋದು ಬೇಡ. ಬೀಗ ತೆಗೆಸಿ ಅಂತ ನಗರಸಭೆಗೆ ಎಲ್ಲರೂ ಸೇರಿ ಪತ್ರ ಬರೆಯೋಣ.

ಎರಡನೇ ಮಹಡಿ: ಗೊತ್ತಿರಲಿಲ್ಲ ಅಕ್ಕ. ಕಟ್ಟರ್ ಮುಟ್ಟಲ್ಲ.

ಶ್ರೀರಂಗಪಟ್ಟಣ: ಪತ್ರಕ್ಕೆ ನನ್ನ ಹೆಸರೂ ಸೇರಿಸಿ. ಈ ಸೇತುವೆಗೆ ಮೊದಲು ಇಟ್ಟ ಹೆಸರು ವೆಲಿಂಗ್ಟನ್. 1799ರಲ್ಲಿ ನಮ್ಮೂರ ಕೋಟೆ ಬಿದ್ದಾಗ ಅಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದದ್ದು. ನಮ್ಮೂರಲ್ಲಿ ಕಾವೇರಿಗೆ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಇದೆ. ಅದು ಅವನ ಅಣ್ಣನ ಹೆಸರಿನದು. ಡಬ್ಲಿನ್‌ಗೆ ಬಂದ ಹೊಸದರಲ್ಲಿ ಇದು ತಿಳಿದಾಗ ಊರು ನೆನಪಾಗಿ ಲಿಫಿ ನದಿ ನೋಡುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಮೂಲೆ ಮನೆ: ಮರ್ಚೆಂಟ್ಸ್ ಆರ್ಚ್ ಅನ್ನೂ ಪತ್ರದಲ್ಲಿ ಸೇರಿಸಿ. ದಕ್ಷಿಣ ದಡದಲ್ಲಿ ಸೇತುವೆ ಇಳಿದು ರಸ್ತೆ ದಾಟಿದರೆ ಎದುರಿಗೇ ಸಿಗುವ ಕಮಾನು. 1821ರಲ್ಲಿ ಫ್ರೆಡರಿಕ್ ಡಾರ್ಲಿ ವರ್ತಕರ ಸಂಘಕ್ಕೆ ಕಟ್ಟಿದ ಕಟ್ಟಡ. ಜನ ಓಡಾಡಲಿ ಅಂತ ಅದರ ಹೊಟ್ಟೆಯೊಳಗೇ ದಾರಿ ಬಿಟ್ಟಿದ್ದಾರೆ. ಹಿಂದಿನ ಟೆಂಪಲ್ ಬಾರ್ ಬಡಾವಣೆ ಕಡೆಯಿಂದ ಬಂದರೆ ಕತ್ತಲ ಕಮಾನಿನ ಆಚೆ ಬಿಳಿ ಸೇತುವೆ ಕಾಣುತ್ತದೆ. ನನ್ನ ಮಗಳು ದಿನಾ ಅಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಈಗ ಮೂತ್ರದ ವಾಸನೆಗೆ ಮೂಗು ಮುಚ್ಚಿಕೊಂಡು ಓಡಬೇಕು. ಬೆಳಕೂ ಸಾಲದು.

ಹಾಸನದ ಅಕ್ಕ: ಖಂಡಿತ ಸೇರಿಸುತ್ತೇನೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. 1919ರವರೆಗೆ ಜನ ಅರ್ಧ ಪೆನ್ನಿ ಸುಂಕ ಕೊಟ್ಟು ಈ ಸೇತುವೆ ದಾಟುತ್ತಿದ್ದರು. ಹೇಪೆನಿ ಅನ್ನುವ ಹೆಸರು ಬಂದದ್ದೇ ಅದರಿಂದ. ನಾವು ಬಿಟ್ಟಿ ದಾಟುತ್ತೇವೆ. ಒಂದು ಪತ್ರವಾದರೂ ಬರೆಯೋಣ.

ಮೂರನೇ ಮಹಡಿ: ಹಾಗಾದರೆ ಶನಿವಾರ ಬೆಳಿಗ್ಗೆ 8ಕ್ಕೆ ಮರ್ಚೆಂಟ್ಸ್ ಆರ್ಚ್ ಕೆಳಗೆ ಸೇರೋಣ, ಪ್ರವಾಸಿಗರು ಬರುವ ಮುಂಚೆ. ಪತ್ರದ ಜೊತೆ ಕಳಿಸೋಕೆ ಒಂದೊಂದು ಬೀಗದ ಫೋಟೋ ಬೇಕು. ದೀಪದಿಂದ ಎಷ್ಟನೇ ಕಂಬಿ ಅಂತಲೂ ಬರೆದುಕೊಳ್ಳಿ. ಮಳೆ ಬಂದರೂ ಬನ್ನಿ, ತುಕ್ಕಿನ ನೀರು ಎಲ್ಲಿಂದ ಇಳಿಯುತ್ತದೆ ಅಂತ ಆಗಲೇ ಚೆನ್ನಾಗಿ ಕಾಣೋದು.

ಎರಡನೇ ಮಹಡಿ: ಬರುತ್ತೇನೆ. ಎಲ್ಲರಿಗೂ ಫ್ಲಾಸ್ಕಿನಲ್ಲಿ ಕಾಫಿ ನನ್ನದು.