ಹಡಗಿಗೆ ಹಲಗೆ ಹಾಸುವುದೋ, ಹೊದಿಸುವುದೋ?

ಪದಬಲ್ಲವರಿಗೆ ನಮಸ್ಕಾರ.

ಕೊಪ್ಪಳದ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ತಿಂಗಳಿಂದ ಒಂದು ಹಡಗು ಬೋರಲು ಬಿದ್ದಿದೆ. ನಾವು ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ. ಒಂದೂವರೆ ಅಡಿ ಉದ್ದದ ಮರದ ಮಾದರಿ ಅದು, 15ನೆಯ ಶತಮಾನದ ಪೋರ್ಚುಗೀಸ್ ಕಾರವೆಲ್. ಅಣ್ಣನ ಮಗಳಿಗೆ ಉಡುಗೊರೆಯಾಗಿ ಬಂದದ್ದು. ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗಿದ್ದ ಇಂಗ್ಲಿಷ್ ಕೈಪಿಡಿಯನ್ನು ಅವಳ ಗೆಳತಿಯರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ನಾಲ್ಕನೆಯ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ.

ಅಲ್ಲಿರುವ ಮಾತು ‘ಪ್ಲಾಂಕಿಂಗ್’. ಹಡಗಿನ ತಳದ ಉದ್ದಕ್ಕೂ ಒಂದು ಗಟ್ಟಿಮರ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂತೆ ನಿಂತ ಅಡ್ಡಗಟ್ಟುಗಳು. ಇವುಗಳ ಮೇಲೆ 5 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಬಿಸಿ ತಾಗಿಸಿ, ಬಾಗಿಸಿ, ಅಂಟು ಹಚ್ಚಿ ಒಂದರ ಪಕ್ಕ ಒಂದನ್ನು ಕೂರಿಸುತ್ತಾ ಹೋಗಬೇಕು. ನಿಘಂಟು ತೆರೆದರೆ ‘ಹಲಗೆ ಹಾಕುವಿಕೆ’ ಎಂದಿದೆ. ‘ವಿಕೆ’ ಎಂದು ಮುಗಿಯುವ ಪದ ಕಂಡರೆ ನನಗೆ ಕಚೇರಿಯ ಸುತ್ತೋಲೆ ನೆನಪಾಗುತ್ತದೆ, ಕೈಕೆಲಸ ನೆನಪಾಗುವುದಿಲ್ಲ.

ನಮ್ಮ ಓಣಿಯ ಬಡಿಗೇರ ಅಜ್ಜನನ್ನು ಕರೆದು ತೋರಿಸಿದೆ. ಅವರು ಬೋರಲು ಬಿದ್ದ ಹಡಗನ್ನು ಒಂದು ಸುತ್ತು ನೋಡಿ, “ಇದು ಮಾಳಿಗೆ ಮನೆಯೇ ಅಲ್ಲವೇನ್ರಿ ಮಾಸ್ತರೇ? ಇದು ತೊಲೆ, ಇವು ಜಂತಿ. ಮೇಲೆ ಹಲಗೆ ಹಾಸಿದರೆ ಮುಗಿಯಿತು” ಎಂದರು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

‘ಹಾಸು’ ಹಿಡಿದುಕೊಂಡು ಖುಷಿಯಲ್ಲಿದ್ದವನಿಗೆ ಮುಂದಿನ ವಾರ ಆನೆಗೊಂದಿಯಲ್ಲಿ ಇನ್ನೊಂದು ಮಾತು ಸಿಕ್ಕಿತು. ಹೊಳೆಯ ದಂಡೆಯಲ್ಲಿ ಒಬ್ಬರು ಹರಿಗೋಲು ಹೆಣೆಯುತ್ತಿದ್ದರು. ಬಿದಿರಿನ ಹೆಣಿಗೆ ಮುಗಿದ ಮೇಲೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಆ ಕೆಲಸಕ್ಕೆ ಏನೆನ್ನುತ್ತೀರಿ ಎಂದೆ. “ಹೊದಿಸುವುದು, ಮೊದಲು ಚರ್ಮ ಹೊದಿಸುತ್ತಿದ್ದರು” ಎಂದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ದಡದಲ್ಲಿ ಬುಟ್ಟಿಯಂತೆ ದುಂಡಗಿನ ದೋಣಿಗಳನ್ನು ಕಂಡು, ಒಳಗೆ ಬೆತ್ತ, ಹೊರಗೆ ಚರ್ಮ, ಸಾಗುವಾಗ ಗಿರಗಿರ ತಿರುಗುತ್ತವೆ ಎಂದು ಬರೆದಿಟ್ಟಿದ್ದಾನೆ. ಅವನ ನಾಡಿನ ಹಡಗಿಗೆ ಇಲ್ಲಿಯ ಹರಿಗೋಲಿನ ಮಾತನ್ನು ಹಚ್ಚಿದರೆ ಲೆಕ್ಕ ಚುಕ್ತಾ ಆಗುತ್ತದಲ್ಲ ಎಂಬ ಆಸೆಯೂ ಹುಟ್ಟಿತು.

ಈಗ ತೊಡಕಿಗೆ ಬರುತ್ತೇನೆ. ಹಲಗೆ ಕೂರಿಸುವ ಪದ್ಧತಿಗಳು ಎರಡು. ಒಂದರಲ್ಲಿ ಅಂಚಿಗೆ ಅಂಚು ತಾಗಿಸಿ ಮೈಯನ್ನು ಸಪಾಟಾಗಿ ಮಾಡುತ್ತಾರೆ. ಇದಕ್ಕೆ ‘ಕಾರ್ವೆಲ್’ ಎನ್ನುತ್ತಾರೆ. ಕಾರವೆಲ್ ಹಡಗಿನ ಹೆಸರಿಗೂ ಈ ಪದಕ್ಕೂ ನೆಂಟಸ್ತಿಕೆ ಇದೆ. ಇನ್ನೊಂದು ‘ಕ್ಲಿಂಕರ್’, ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದು ಹಲಗೆ ಏರಿ ಕೂರುತ್ತದೆ. ಉತ್ತರ ಯುರೋಪಿನ ವೈಕಿಂಗರ ಹಡಗುಗಳು ಹೀಗಿದ್ದವು. ನಾವು ಹೆಂಚು ಹೊದಿಸುತ್ತೇವೆ, ಅಲ್ಲಿ ಒಂದರ ಮೇಲೊಂದು ಏರಲೇಬೇಕು, ಇಲ್ಲದಿದ್ದರೆ ಮನೆ ಸೋರುತ್ತದೆ. ಬಂಡೆ ಹಾಸುತ್ತೇವೆ, ಅಲ್ಲಿ ಅಂಚಿಗೆ ಅಂಚು ಕೂಡಬೇಕು, ಏರಿದರೆ ಕಾಲು ಎಡವುತ್ತದೆ. ಹಾಗಾದರೆ ಕಾರ್ವೆಲ್‌ಗೆ ‘ಹಲಗೆ ಹಾಸು’, ಕ್ಲಿಂಕರ್‌ಗೆ ‘ಹಲಗೆ ಹೊದಿಕೆ’ ಎಂದು ಎರಡನ್ನೂ ಇಟ್ಟುಕೊಳ್ಳಬಹುದಲ್ಲವೇ? ನನ್ನ ಮಾದರಿಯಲ್ಲಿ ಪಟ್ಟಿಗಳು ಎರಡು ಪದರ. ಒಳಗಿನದು ಅಗ್ಗದ ಮರ, ಹೊರಗಿನದು ಅರ್ಧ ಮಿಲಿಮೀಟರ್ ದಪ್ಪದ ಅಕ್ರೋಟು ಮರ. ‘ಒಳಹಾಸು’, ‘ಮೇಲ್ಹಾಸು’ ಎಂದರೆ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅನುಮಾನ ಇರುವುದು ಒಂದೇ ಕಡೆ. ಹಾಸುವುದು ನೆಲಕ್ಕೆ, ಮಂಚಕ್ಕೆ, ಮಾಳಿಗೆಗೆ. ಹಡಗಿನ ಪಕ್ಕ ಗೋಡೆಯಂತೆ ನಿಂತಿರುತ್ತದೆ. ನಿಂತದ್ದಕ್ಕೆ ಹಾಸುವ ಬಳಕೆ ನಿಮ್ಮ ಕಡೆ ಎಲ್ಲಾದರೂ ಇದೆಯೇ? ಅಜ್ಜನನ್ನು ಕೇಳಿದರೆ, “ಬೋರಲು ಇಟ್ಟೇ ಮಾಡುತ್ತೀರಲ್ಲ” ಎಂದು ನಕ್ಕುಬಿಟ್ಟರು.

ಇನ್ನು ಚಿಕ್ಕಪುಟ್ಟ ಮಾತುಗಳು. ಪಟ್ಟಿ ಕೂರಿಸುವ ಮೊದಲು ಅಡ್ಡಗಟ್ಟುಗಳ ಅಂಚನ್ನು ಹಡಗಿನ ಬಾಗಿಗೆ ತಕ್ಕಂತೆ ಸವರುವುದಕ್ಕೆ ಅಜ್ಜ ‘ಓರೆ ತೆಗೆಯುವುದು’ ಎಂದರು, ಅದನ್ನೇ ಇಟ್ಟುಕೊಂಡೆ. ಮೂತಿಯ ಕಡೆ ಜಾಗ ಕಡಿಮೆ, ಆದ್ದರಿಂದ ಪ್ರತಿ ಪಟ್ಟಿಯನ್ನೂ ಅಲ್ಲಿಗೆ ಹೋಗುತ್ತಾ ಸಣ್ಣ ಮಾಡಬೇಕು. ನಾನು ಮೊದಲ ನಾಲ್ಕು ಪಟ್ಟಿಗಳನ್ನು ಸಣ್ಣ ಮಾಡದೆ ಬಲವಂತವಾಗಿ ಪಕ್ಕಕ್ಕೆ ಬಗ್ಗಿಸಿದೆ. ಬೆಳಿಗ್ಗೆ ನೋಡಿದರೆ ಅವು ಹಪ್ಪಳದಂತೆ ಅಂಚೆತ್ತಿಕೊಂಡಿದ್ದವು. ಹಿಂಭಾಗದಲ್ಲಿ ಇದರ ತಿರುವುಮುರುವು: ಪಟ್ಟಿಗಳ ನಡುವೆ ಬೆಣೆಯಂತಹ ಸಂದು ಬಿಡುತ್ತದೆ, ಅಲ್ಲಿ ಚೂಪಾದ ತುಂಡೊಂದನ್ನು ಸೇರಿಸಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ‘ಸ್ಟೀಲರ್’. ಹೊಲಿಗೆ ಬಲ್ಲ ನನ್ನ ಹೆಂಡತಿ ನೋಡಿದವಳೇ, “ಕುರ್ತಾಕ್ಕೆ ಕಲಿ ಇಟ್ಟ ಹಾಗೆ” ಎಂದಳು. ಕಲಿ ಎಂದರೆ ಉಡುಪಿನ ಅಗಲ ಹೆಚ್ಚಿಸಲು ನಡುವೆ ಸೇರಿಸುವ ಬೆಣೆಯಾಕಾರದ ಬಟ್ಟೆ. ‘ಕಲಿ ಪಟ್ಟಿ’ ಎಂದು ಬರೆದುಕೊಂಡಿದ್ದೇನೆ. ದರ್ಜಿಯ ಮಾತು ಹಡಗಿಗೆ ಹೋಗುವುದಕ್ಕೆ ನಿಮ್ಮ ಆಕ್ಷೇಪಣೆ ಇದ್ದರೆ ತಿಳಿಸಿ, ಅವಳಿಗೆ ಮುಟ್ಟಿಸುತ್ತೇನೆ.

ಸಂದು ತುಂಬುವುದಕ್ಕೆ ಬಣ್ಣದ ಅಂಗಡಿಯವರು ‘ಪುಟ್ಟಿ’ ಎನ್ನುತ್ತಾರೆ. ಆದರೆ ಕೃಷ್ಣೆಯ ದಂಡೆಯ ತೆಲುಗಿನಲ್ಲಿ ಪುಟ್ಟಿ ಎಂದರೆ ಹರಿಗೋಲು. ‘ಹಡಗಿನ ಸಂದಿಗೆ ಪುಟ್ಟಿ ತುಂಬಿರಿ’ ಎಂದು ಬರೆದರೆ ರಾಯಚೂರಿನ ಕಡೆಯ ಮಗು ಏನು ಕಲ್ಪಿಸಿಕೊಂಡೀತು! ನಮ್ಮ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಮೈಗೆ ಗೋಣಿ ನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಹಚ್ಚುತ್ತಾರೆ, ಹೆಸರು ‘ಕಿಟ್ಟ’. ನಾನು ಅದನ್ನೇ ಬಳಸುತ್ತೇನೆ. ಕಬ್ಬಿಣದ ಕಿಟ್ಟ ಬೇರೆ ಎನ್ನುವವರಿಗೆ ಸಂದರ್ಭವೇ ಉತ್ತರ ಹೇಳುತ್ತದೆ. ಆಮೇಲೆ 120, 220, 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಮೆರುಗೆಣ್ಣೆ ಸವರುವುದು. ಇವೆರಡೂ ಹಳೆಯ ಮಾತುಗಳೇ, ಚರ್ಚೆ ಬೇಡ.

ಕೊನೆಯದು ‘ಹಲ್’, ಹಡಗಿನ ಇಡೀ ಮೈಗೆ ಇಂಗ್ಲಿಷಿನಲ್ಲಿರುವ ಹೆಸರು. ಒಂದು ನಿಘಂಟಿನಲ್ಲಿ ಮೊದಲ ಅರ್ಥ ‘ಹೊಟ್ಟು’ ಎಂದಿದೆ. ಕಾಳಿನ ಮಟ್ಟಿಗೆ ಸರಿ, ಹಡಗಿಗೆ ಹಾಸ್ಯಾಸ್ಪದ. ‘ಕವಚ’ ಎಂದರೆ ಹೊರಗಿನ ಹಲಗೆ ಮಾತ್ರ, ಒಳಗಿನ ತೊಲೆ ಜಂತಿ ಬಿಟ್ಟುಹೋಗುತ್ತವೆ. ‘ಒಡಲು’ ಎಂದರೆ ಹೊಟ್ಟೆಯೂ ಹೌದು, ಮೈಯೂ ಹೌದು, ಸರಕು ತುಂಬುವ ಜಾಗವೂ ಹೌದು. ನನ್ನ ಮತ ಒಡಲಿಗೆ. ಕರಾವಳಿಯಲ್ಲಿ ದೋಣಿ ಕಟ್ಟುವವರ ಬಾಯಲ್ಲಿ ಬೇರೆ ಪದ ಇದ್ದರೆ ನನ್ನದನ್ನು ಈಗಲೇ ಅಳಿಸುತ್ತೇನೆ. ಅಂತಹವರ ನೆರೆಯಲ್ಲಿರುವವರು ಕೇಳಿ ಬರೆಯಿರಿ. ಹಲಗೆ ಕೂರಿಸುವುದಕ್ಕೆ ಅವರು ಯಾವ ಕ್ರಿಯಾಪದ ಬಳಸುತ್ತಾರೆ ಎಂಬುದನ್ನು ಮರೆಯದೆ ಕೇಳಿ. ಮೇಲ್ಹಾಸಿನ ಹದಿನಾರು ಪಟ್ಟಿ ಇನ್ನೂ ಬಾಕಿ ಇವೆ, ಅಲ್ಲಿಯವರೆಗೆ ಕೈಪಿಡಿಯ ಆ ಪುಟ ಪೆನ್ಸಿಲಿನಲ್ಲೇ ಇರುತ್ತದೆ.