ಟೊಯೊಟಾ ಮಹಾರಾಷ್ಟ್ರಕ್ಕೆ ಹೊರಟರೆ ಬಿಡದಿ ಗತಿ ಏನು?

ಮಾಗಡಿಯವ:

ನನ್ನ ತಮ್ಮ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಬಿಡದಿಯ ಟೊಯೊಟಾ ಕಾರ್ಖಾನೆ ಕಡೆ ಕೆಲಸಕ್ಕೆ ಅರ್ಜಿ ಹಾಕ್ತೀನಿ ಅಂತಿದ್ದಾನೆ. ಮನೇಲಿ ಎಲ್ಲರಿಗೂ ಒಂದೇ ಅನುಮಾನ. 2024ರ ಜುಲೈನಲ್ಲಿ ಟೊಯೊಟಾ ಮಹಾರಾಷ್ಟ್ರ ಸರ್ಕಾರದ ಜೊತೆ ಸುಮಾರು 20,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕ್ತಲ್ಲ, ಛತ್ರಪತಿ ಸಂಭಾಜಿನಗರದಲ್ಲಿ ವರ್ಷಕ್ಕೆ 4 ಲಕ್ಷ ಕಾರು ಮಾಡೋದಂತೆ. ಹಾಗಾದ್ರೆ ಬಿಡದಿ ಕಥೆ ಏನು? ಇನ್ನೂ ಒಂದು ವಿಷಯ ತಲೆಗೆ ಹೋಗ್ತಿಲ್ಲ. ಟೊಯೊಟಾದ ಗ್ಲಾಂಜಾ ನೋಡಿದ್ರೆ ಮಾರುತಿಯ ಬಲೆನೊ, ಟೈಸರ್ ನೋಡಿದ್ರೆ ಫ್ರಾಂಕ್ಸ್. ಮಾರುತಿ ಕಾರಿಗೆ ತನ್ನ ಲೋಗೊ ಹಾಕಿ ಮಾರೋ ಕಂಪನಿಗೆ ಇಷ್ಟು ದೊಡ್ಡ ಕಾರ್ಖಾನೆ ಯಾಕೆ? ಒಳಗಿನ ಲೆಕ್ಕ ಗೊತ್ತಿರೋರು ದಯವಿಟ್ಟು ಹೇಳಿ.

ಅರ್ಕಾವತಿ:

ದೊಡ್ಡ ಅವಕಾಶ ನಮ್ಮ ಕೈ ತಪ್ಪಿತು, ಅಷ್ಟೇ. ಬೆಂಗಳೂರಿನ ಸುತ್ತ ಒಂದೇ ಕಡೆ ಅಷ್ಟು ಜಮೀನು ಈಗ ಯಾರು ಕೊಡ್ತಾರೆ? ಅಲ್ಲಿ ಸಂಭಾಜಿನಗರದ ಹತ್ತಿರ ಬಿಡ್ಕಿನ್‌ನಲ್ಲಿ ಕೈಗಾರಿಕೆಗೆ ಅಂತಲೇ ಜಾಗ ರೆಡಿ ಮಾಡಿಟ್ಟಿದ್ದಾರೆ. ತಮ್ಮನಿಗೆ ಮರಾಠಿ ಕಲಿಯೋಕೆ ಹೇಳಿ.

ಟೂಲ್‌ರೂಮ್:

ನಾನು ಬಿಡದಿಯಲ್ಲೇ ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನಿಯಲ್ಲಿ ಕ್ವಾಲಿಟಿ ನೋಡ್ಕೊಳ್ತೀನಿ. ಅರ್ಕಾವತಿಯವರ ಮಾತು ನಾನು ಒಪ್ಪಲ್ಲ. ಯಾಕೆ ಅಂತ ವಿವರವಾಗೇ ಹೇಳ್ತೀನಿ.

ಮೊದಲು ಲೋಗೊ ವಿಷಯ. ಇದರ ಬೇರು ಟೊಯೊಟಾದ ಸಣ್ಣ ಕಾರು ಎಟಿಯೋಸ್‌ನಲ್ಲಿದೆ. 2010ರ ಕೊನೆಯಲ್ಲಿ ಆ ಕಾರು ಬಂತು, ಶುರುವಿನ ಬೆಲೆ 4.96 ಲಕ್ಷ. ಅದಕ್ಕಾಗೇ ಬಿಡದಿಯಲ್ಲಿ ಎರಡನೇ ಕಾರ್ಖಾನೆ ಎದ್ದಿತು. ಮುಂದೆ ಎರಡೂ ಸೇರಿ ವರ್ಷಕ್ಕೆ 3.1 ಲಕ್ಷ ಕಾರು ಮಾಡೋ ಸಾಮರ್ಥ್ಯ ಬಂತು. ಗಾಡಿ ಗಟ್ಟಿಯಾಗಿತ್ತು, ಟ್ಯಾಕ್ಸಿಯವರು ಕಣ್ಣಿಗೊತ್ತಿಕೊಂಡರು, ಆದ್ರೆ ಮನೆಗೆ ಕಾರು ಕೊಳ್ಳೋರು ಸ್ವಿಫ್ಟ್, ಐ20 ಕಡೆ ಹೋದರು. ಇನ್ನೋವಾ, ಫಾರ್ಚುನರ್ ಚೆನ್ನಾಗೇ ಓಡ್ತಿದ್ದವು, ಆದ್ರೆ ಅವೆರಡರಿಂದಲೇ ಎರಡು ಕಾರ್ಖಾನೆ ತುಂಬಲ್ಲ. ಖಾಲಿ ಲೈನ್ ಅಂದ್ರೆ ಎಷ್ಟು ಹೊರೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಪೇಂಟ್ ಶಾಪ್‌ನ ಓವನ್ನಿಗೆ ನೂರು ಬಾಡಿ ಹೋದರೂ ಸಾವಿರ ಹೋದರೂ ಬಿಸಿ ಅಷ್ಟೇ ಬೇಕು. ಸಾಲದ ಬಡ್ಡಿ, ಯಂತ್ರದ ಸವಕಳಿ ಯಾವುದೂ ನಿಲ್ಲಲ್ಲ. ಆ ವೆಚ್ಚವೆಲ್ಲ ಹೊರಗೆ ಬರೋ ಕೆಲವೇ ಕಾರುಗಳ ಮೇಲೆ ಬೀಳುತ್ತೆ.

ಅದೇ ಹೊತ್ತಿಗೆ ಮಾರುತಿಯ ಮಾತೃಸಂಸ್ಥೆ ಸುಜುಕಿ ಹತ್ತಿರ ಸಣ್ಣ ಕಾರಿತ್ತು, ಗಿರಾಕಿ ಇದ್ದರು. ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟಾರೂ ಗಾಡಿ ಓಡಿಸೋ ಹೈಬ್ರಿಡ್ ತಂತ್ರಜ್ಞಾನ ಟೊಯೊಟಾದಷ್ಟು ಪಳಗಿರಲಿಲ್ಲ. ಟೊಯೊಟಾ ಹತ್ತಿರ ಹೈಬ್ರಿಡ್ ಇತ್ತು, ಜಾಗ ಇತ್ತು. ಸಣ್ಣ ಕಾರು ಇರಲಿಲ್ಲ. 2018ರಲ್ಲಿ ಒಬ್ಬರ ಕಾರು ಇನ್ನೊಬ್ಬರು ಮಾರೋ ಒಪ್ಪಂದ ಆಯ್ತು, 2019ರಲ್ಲಿ ಗ್ಲಾಂಜಾ ಬಂತು. ಇಲ್ಲಿವರೆಗಿನ ಕಥೆ ಮಾತ್ರ ನೋಡಿದ್ರೆ ನಿಮ್ಮ ಪ್ರಶ್ನೆ ಸರಿ. ಆದ್ರೆ 2022ರಲ್ಲಿ ಗಾಳಿ ತಿರುಗಿತು: ಟೊಯೊಟಾದ ಹೈರೈಡರ್ ಜೊತೆ ಮಾರುತಿಯ ಗ್ರಾಂಡ್ ವಿಟಾರಾ ಕೂಡ ಬಿಡದಿಯಲ್ಲಿ ಜೋಡಣೆಯಾಗಿ ಹೊರಬಂತು. ಮರುವರ್ಷ ಟೊಯೊಟಾದ ಇನ್ನೋವಾ ಹೈಕ್ರಾಸ್ ಆಧಾರದ ಮಾರುತಿ ಇನ್ವಿಕ್ಟೋ ಬಂತು. ಅಂದ್ರೆ ಮಾರುತಿ ಶೋರೂಮಿನಲ್ಲಿ ಮಾರಾಟ ಆದ ಕಾರೂ ಬಿಡದಿಯವರಿಗೆ ಅನ್ನ ಹಾಕುತ್ತೆ.

ನಮ್ಮ ಕೆಲಸದಲ್ಲಿ ಇದು ಕಣ್ಣಿಗೇ ಕಾಣುತ್ತೆ. ಬಿಡಿಭಾಗ ತುಂಬೋ ಒಂದೊಂದು ಬಿನ್ನಿಗೂ (ಡಬ್ಬಕ್ಕೂ) ಒಂದು ಕನ್‌ಬನ್ ಕಾರ್ಡ್. ಬಿನ್ ಖಾಲಿಯಾಗಿ ಕಾರ್ಡ್ ವಾಪಸ್ ಬಂದ್ರೆ ಮಾತ್ರ ಮುಂದಿನ ಬ್ಯಾಚ್ ಮಾಡಬೇಕು. ಮುಂಚೆಯೇ ಮಾಡಿ ರಾಶಿ ಹಾಕೋ ಹಾಗಿಲ್ಲ. ಹಾಗಾಗಿ ಮಾರಾಟ ಬಿತ್ತೋ ಏರಿತೋ ಅಂತ ಪೇಪರ್‌ನಲ್ಲಿ ಬರೋಕೆ ಮೊದಲೇ ಕಾರ್ಡಿನ ಓಡಾಟದಲ್ಲಿ ನಮಗೆ ಗೊತ್ತಾಗುತ್ತೆ. ಟೊಯೊಟಾ 2024ರಲ್ಲಿ ದೇಶದೊಳಗೇ 3 ಲಕ್ಷ ಕಾರು ದಾಟಿಸಿತು. ಅದರಲ್ಲಿ ಸುಜುಕಿ ಮಾಡಿಕೊಟ್ಟ ಕಾರೂ ಸೇರಿವೆ, ನಿಜ. ಆದರೂ ಕಾರ್ಡ್‌ಗಳಿಗೆ ಪುರುಸೊತ್ತಿಲ್ಲ.

ಈಗ ಮಹಾರಾಷ್ಟ್ರ. ಅದಕ್ಕೆ ಮೊದಲೇ, 2023ರ ನವೆಂಬರ್‌ನಲ್ಲಿ, ಬಿಡದಿಯಲ್ಲೇ ಮೂರನೇ ಕಾರ್ಖಾನೆ ಘೋಷಣೆ ಆಗಿತ್ತು: 3,300 ಕೋಟಿ ಹೂಡಿಕೆ, ವರ್ಷಕ್ಕೆ 1 ಲಕ್ಷ ಕಾರು, ಸುಮಾರು 2,000 ಜನಕ್ಕೆ ಕೆಲಸ. ಅದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ, ನನಗೆ ಅದೇ ಬೇಜಾರು. ಬಿಡದಿಯಲ್ಲಿ ಇನ್ನೂ 4 ಲಕ್ಷದ ಸಾಮರ್ಥ್ಯ ಸೇರಿಸೋಕೆ ಜಾಗ ಸಿಗೋದು ಕಷ್ಟ ಅನ್ನೋದನ್ನ ಒಪ್ಪಬಹುದು. ಸಂಭಾಜಿನಗರದ ಪಕ್ಕ ಶೇಂದ್ರಾದಲ್ಲಿ ಸ್ಕೋಡಾ ಇದೆ, ವಾಳೂಜ್‌ನಲ್ಲಿ ಬಜಾಜ್ ಇದೆ, ಬಿಡಿಭಾಗದವರು ಆಗಲೇ ಅಲ್ಲಿದ್ದಾರೆ. ರಫ್ತಿಗೆ ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರು ಸಿಗುತ್ತೆ. ಬೆಳೆಯೋ ಕಂಪನಿ ಎರಡನೇ ಊರು ಹುಡುಕಿದೆ. ಮೊದಲ ಊರಲ್ಲಿ ಹೊಸದಾಗಿ ಗೋಡೆ ಕಟ್ತಿರೋರು ಅದನ್ನ ಬಿಟ್ಟು ಹೋಗ್ತಾರೆ ಅನ್ನೋದು ಹೇಗೆ?

ಅರ್ಕಾವತಿ:

ಮೂರನೇ ಕಾರ್ಖಾನೆ ವಿಷಯ ಒಪ್ಪಿದೆ. ಆದ್ರೆ ನಾಳೆ ಎಲ್ಲ ವಿದ್ಯುತ್ ಕಾರು ಆದ್ರೆ? ಜಿಎಸ್‌ಟಿ ನೋಡಿ, ವಿದ್ಯುತ್ ಕಾರಿಗೆ ಶೇ 5. ಹೈರೈಡರ್, ಹೈಕ್ರಾಸ್ ತರದ ಹೈಬ್ರಿಡ್‌ಗೆ ಮೊದಲು ಶೇ 43, 2025ರ ಸೆಪ್ಟೆಂಬರ್‌ನಿಂದ ಶೇ 40. ಸರ್ಕಾರ ಯಾವ ಕಡೆ ತಳ್ತಿದೆ ಅನ್ನೋದು ಸ್ಪಷ್ಟ.

ಟೂಲ್‌ರೂಮ್:

ತೆರಿಗೆಯ ಅಂತರ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪೇಟೆಯ ಟ್ರಾಫಿಕ್ಕಿನಲ್ಲಿ ಅರ್ಧ ಹೊತ್ತು ಇಂಜಿನ್ನೇ ಆಫ್ ಆಗಿ ಓಡೋ ಗಾಡಿಗೂ ಬರೀ ಪೆಟ್ರೋಲ್ ಕುಡಿಯೋ ಗಾಡಿಗೂ ಒಂದೇ ತೆರಿಗೆ ಹಾಕೋದು ಯಾವ ಲೆಕ್ಕ? ಆದರೂ ಜನ ಹೈಕ್ರಾಸ್‌ಗೆ ತಿಂಗಳುಗಟ್ಟಲೆ ಕಾದು ತಗೊಂಡಿದ್ದಾರೆ.

ನಿಮ್ಮ ಆತಂಕಕ್ಕೆ ಉತ್ತರ ಬಿಡದಿಯ ಒಳಗೇ ಇದೆ. 2004ರಲ್ಲಿ ಟೊಯೊಟಾ ಐಎಂವಿ ಯೋಜನೆ (ಒಂದೇ ತಳಪಾಯದ ಮೇಲೆ ಪಿಕಪ್, ಇನ್ನೋವಾ, ಫಾರ್ಚುನರ್ ಮಾಡೋದು) ಶುರು ಮಾಡಿದಾಗ ದೇಶ ದೇಶಕ್ಕೂ ಕೆಲಸ ಹಂಚಿತು. ಥಾಯ್ಲೆಂಡ್‌ಗೆ ಪಿಕಪ್ ಮತ್ತು ಡೀಸೆಲ್ ಇಂಜಿನ್, ಇಂಡೋನೇಷ್ಯಾಕ್ಕೆ ಇನ್ನೋವಾ ಮತ್ತು ಪೆಟ್ರೋಲ್ ಇಂಜಿನ್. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ಗೆ ಬಂದದ್ದು ಗೇರ್‌ಬಾಕ್ಸ್. ಇಲ್ಲಿನ ಗೇರ್‌ಬಾಕ್ಸ್ ಬೇರೆ ದೇಶದ ಕಾರುಗಳಿಗೂ ಹೋಯ್ತು. 2022ರಲ್ಲಿ ಕರ್ನಾಟಕ ಸರ್ಕಾರದ ಜೊತೆ ಆದ 4,800 ಕೋಟಿಯ ಒಪ್ಪಂದ ವಿದ್ಯುತ್ ಚಾಲಿತ ವಾಹನದ ಬಿಡಿಭಾಗ ಇಲ್ಲೇ ಮಾಡೋದಕ್ಕೆ. ಇ-ಡ್ರೈವ್, ಅಂದ್ರೆ ವಿದ್ಯುತ್ ಮೋಟಾರಿನಿಂದ ಗಾಡಿ ಓಡಿಸೋ ಭಾಗ, ಅದನ್ನ ಮಾಡೋಕೆ ಕಲಿತ ಕೈಗೆ ಹೈಬ್ರಿಡ್ ಆದರೇನು, ಪೂರ್ತಿ ವಿದ್ಯುತ್ ಆದರೇನು?

ಮಾಗಡಿಯವ:

ತುಂಬಾ ಉಪಕಾರ ಆಯ್ತು ಸರ್. ತಮ್ಮ ಎಲ್ಲಿಂದ ಶುರು ಮಾಡಬೇಕು? ಪಕ್ಕದ ಮನೆ ಹುಡುಗ ಹತ್ತನೇ ಕ್ಲಾಸ್ ಪಾಸ್ ಆಗಿದ್ದಾನೆ, ಅವನೂ ಕೇಳ್ತಿದ್ದಾನೆ.

ಟೂಲ್‌ರೂಮ್:

ಪಕ್ಕದ ಮನೆ ಹುಡುಗನಿಗೆ ಟೊಯೊಟಾ ಟೆಕ್ನಿಕಲ್ ಟ್ರೇನಿಂಗ್ ಇನ್‌ಸ್ಟಿಟ್ಯೂಟ್ ಇದೆ, ಬಿಡದಿಯಲ್ಲೇ, 2007ರಿಂದ ನಡೀತಿದೆ. ಹಳ್ಳಿ ಕಡೆಯ ಬಡ ಮಕ್ಕಳಿಗೆ ಅಂತಲೇ ಮಾಡಿರೋದು. ಅರ್ಜಿ ಕರೆಯೋದು ಯಾವಾಗ ಅಂತ ಅಲ್ಲೇ ವಿಚಾರಿಸಿ.

ತಮ್ಮನಿಗೆ ಅಪ್ರೆಂಟಿಸ್ ದಾರಿ ಒಳ್ಳೇದು. ದೊಡ್ಡ ಗೇಟ್ ಒಂದನ್ನೇ ನೋಡ್ತಾ ಕೂರೋದು ಬೇಡ, ಗೇರ್‌ಬಾಕ್ಸ್, ಇ-ಡ್ರೈವ್ ಕಡೆಗೂ ನಮ್ಮಂಥ ಸಣ್ಣ ಕಂಪನಿಗಳಿಗೂ ಅರ್ಜಿ ಹಾಕಲಿ. ಸಂದರ್ಶನದಲ್ಲಿ ವರ್ನಿಯರ್, ಮೈಕ್ರೋಮೀಟರ್ ಕೈಗೆ ಕೊಟ್ಟು ಅಳತೆ ಓದಿಸ್ತಾರೆ, ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋದು) ತೋರಿಸಿ ಕೇಳ್ತಾರೆ. ಅದನ್ನ ಈ ವಾರವೇ ಅಭ್ಯಾಸ ಮಾಡಿಸಿ.