ಪದಚರ್ಚೆ: ಓಟಗಾರರ ನಿಧಾನ ನಾಡಿ, ಫಲಕಕ್ಕೆ ಏನು ಬರೆಯೋಣ?

ಕಾರವಾರದಿಂದ

ಮಿತ್ರರೇ, ಇಲ್ಲಿನ ಠಾಗೋರ್ ಕಡಲತೀರದಲ್ಲಿ ಓಟಗಾರರ ತಪಾಸಣೆಗೆ ಒಂದು ಫಲಕ ಆಗಬೇಕು. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕಾಗಿದೆ. ವಿಷಯ ಇಷ್ಟು: ದೂರ ಓಡಿ ಪಳಗಿದವರ ನಾಡಿ ಸುಮ್ಮನಿದ್ದಾಗ ನಿಮಿಷಕ್ಕೆ 60ರ ಕೆಳಗಿರುವುದು ಸಾಮಾನ್ಯ. ಆದರೆ ಕೆಲವರಲ್ಲಿ ಅದಕ್ಕೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಕಾರಣ ಆಗಿರಬಹುದು. ಅನುವಾದವಾಗಿ ಬಂದದ್ದು: “ವಿಶ್ರಾಂತ ಹೃದಯ ದರ ಕಡಿಮೆಯೇ? ಥೈರಾಯ್ಡ್ ಇರಬಹುದು!” ಹಾಗೇ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಶಿರಸಿಯಿಂದ

ಹಾಕಲೇಬೇಡಿ. ವಿಶ್ರಾಂತಿ ಮನುಷ್ಯನಿಗೆ, ಹೃದಯಕ್ಕಲ್ಲ. ‘ದರ’ ಎಂದರೆ ನಮ್ಮ ಪೇಟೆಯಲ್ಲಿ ಅಡಿಕೆಗೆ. ‘ನಿಮಿಷಕ್ಕೆ ಇಷ್ಟು’ ಎಂದರೆ ಸಾಕು.

‘ಕಡಿಮೆ’ಯಂತೂ ಅಪಾಯದ ಪದ. ‘ನಾಡಿ ಕಡಿಮೆ ಆಗಿದೆ’ ಎಂದರೆ ಜನಕ್ಕೆ ಕೇಳುವುದು ನಾಡಿ ಸೋತಿದೆ, ಕೈಗೆ ಸಿಗುತ್ತಿಲ್ಲ ಎಂದು. ಓಟಗಾರನದ್ದು ಅದಕ್ಕೆ ತದ್ವಿರುದ್ಧ. ನಿಧಾನ, ಆದರೆ ತುಂಬಿ ಬಡಿಯುವ ನಾಡಿ. ಕೂತಿರುವ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಬಡಿತಕ್ಕೆ 70 ಮಿಲಿಲೀಟರ್ ತಳ್ಳುವ ಹೃದಯ 70 ಸಲ ಬಡಿಯಬೇಕಾದರೆ, ಪಳಗಿ ಹಿಗ್ಗಿದ ಹೃದಯ 100 ತಳ್ಳಿ 50ರಲ್ಲಿ ಮುಗಿಸುತ್ತದೆ. ‘ನಿಧಾನ’ ಎಂದೇ ಬರೆಯಿರಿ.

ಕುಮಟಾದಿಂದ

‘ನಾಡಿ’ ಸಂಸ್ಕೃತದ್ದು, ಬಿಡಿ. ‘ಎದೆಬಡಿತ’ ಇರುವಾಗ ಅದೇಕೆ? ಥೈರಾಯ್ಡ್ ಎಂಬುದು ಗ್ರೀಕಿನ ಗುರಾಣಿಯಿಂದ ಬಂದದ್ದು. ‘ಗುರಾಣಿ ಗ್ರಂಥಿ’ ಎಂದರೆ ಕನ್ನಡದ ಮಗುವಿಗೂ ತಿಳಿಯುತ್ತದೆ. ಎಲ್ಲದಕ್ಕೂ ಇಂಗ್ಲಿಷ್ ಬಾಗಿಲು ಬಡಿಯುವ ಚಾಳಿ ನಿಲ್ಲಲಿ.

ಹೊನ್ನಾವರದಿಂದ

ತಿಳಿಯುವುದಿಲ್ಲ. ಗುರಾಣಿಯ ಆಕಾರ ಗಂಟಲ ಮುಂದಿನ ಮೃದ್ವಸ್ಥಿಯದ್ದು. 1656ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಅದರ ಹೆಸರನ್ನೇ ಪಕ್ಕದ ಗ್ರಂಥಿಗೂ ಕೊಟ್ಟ. ಗ್ರಂಥಿ ಇರುವುದು ಚಿಟ್ಟೆಯ ಆಕಾರದಲ್ಲಿ. ‘ಎದೆಬಡಿತ’ವೂ ಇಲ್ಲಿ ಸಲ್ಲದು. ‘ಎದೆ ಬಡ್ಕೊಳ್ತದೆ’ ಎಂದು ಜನ ಹೇಳುವುದು ಬಡಿತ ಜೋರಾದಾಗ. ಮಣಿಕಟ್ಟಿನಲ್ಲಿ ಎಣಿಸುವುದು ನಾಡಿಯನ್ನೇ.

ದೊಡ್ಡ ತಪ್ಪು ‘ಥೈರಾಯ್ಡ್ ಇರಬಹುದು’ ಎಂಬಲ್ಲಿದೆ. ಗ್ರಂಥಿ ಎಲ್ಲರಿಗೂ ಇದೆ. ಅದರ ಸ್ರಾವ (ಹಾರ್ಮೋನ್) ಹೆಚ್ಚಾದರೆ ನಾಡಿ ಓಡುತ್ತದೆ, ಕಡಿಮೆಯಾದರೆ ನಿಧಾನವಾಗುತ್ತದೆ. ಯಾವುದೆಂದು ಹೇಳದ ಫಲಕ ಪ್ರಯೋಜನಕ್ಕಿಲ್ಲ. ‘ಥೈರಾಯ್ಡ್ ಸ್ರಾವದ ಕೊರತೆ’ ಎನ್ನಿ. ‘ಗಳಗಂಡ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಅದು ಕತ್ತಿನ ಊತ. ಊತವಿಲ್ಲದೆಯೂ ಕೊರತೆ ಇರುತ್ತದೆ.

ಎಣಿಸುವ ಕ್ರಮವನ್ನೂ ಹಾಕಿ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು, ಚಹಾಕ್ಕೂ ಮೊದಲು, ತೋರುಬೆರಳು ಮತ್ತು ನಡುಬೆರಳನ್ನು ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲಿಟ್ಟು ಪೂರ್ತಿ 60 ಸೆಕೆಂಡು. ಹೆಬ್ಬೆರಳಿನಿಂದ ಹಿಡಿಯಬಾರದು, ಅದರದ್ದೇ ನಾಡಿ ಎಣಿಕೆಗೆ ಸೇರಿಬಿಡುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ನಡುನಡುವೆ ತಪ್ಪುವ ನಾಡಿಯಲ್ಲಿ ಎಣಿಕೆ ಹೃದಯದ್ದಕ್ಕಿಂತ ಕಡಿಮೆ ಬರುತ್ತದೆ, ಅಂಥವರಿಗೆ ಇಸಿಜಿಯೇ ಆಗಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿಯೂ ನಿಧಾನ. ಅವರನ್ನು ಮೊದಲೇ ಕೇಳಿ ಬೇರೆ ಸಾಲಿಗೆ ಕಳಿಸಿ.

ಕುಮಟಾದಿಂದ

ಹಾಗಾದರೆ ಸಂಸ್ಕೃತದಿಂದ ಬಂದ ‘ಸ್ರಾವ’ ಸ್ವಂತದ್ದು, ನಾನು ಕೊಟ್ಟ ‘ಗುರಾಣಿ’ ಪರದೇಶಿ? ಈ ನ್ಯಾಯ ಬಹಳ ಹಳೆಯದು.

ಶಿರಸಿಯಿಂದ

ಎರವಲು ಎಲ್ಲಿಂದ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಫಲಕ ಓದಿದವನು ಲ್ಯಾಬಿಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ‘ಥೈರಾಯ್ಡ್ ಪರೀಕ್ಷೆ’ ಎಂದರೆ ಟಿಎಸ್‌ಎಚ್ (ಗ್ರಂಥಿಯನ್ನು ದುಡಿಸುವ ಸ್ರಾವ) ಮತ್ತು ಫ್ರೀ ಟಿ4 (ಗ್ರಂಥಿಯೇ ಕೊಡುವ ಸ್ರಾವ) ಮಾಡಿಕೊಡುತ್ತಾರೆ. ‘ಗುರಾಣಿ ಪರೀಕ್ಷೆ’ ಎಂದರೆ ಮುಖ ನೋಡುತ್ತಾರೆ. ಗ್ರಂಥಿಯೇ ಸೋತಿದ್ದರೆ ಟಿಎಸ್‌ಎಚ್ ಏರಿ, ಫ್ರೀ ಟಿ4 ಇಳಿದಿರುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಕನಿಷ್ಠ 2 ದಿನ ಮೊದಲು ನಿಲ್ಲಿಸಲಿ. ಕೆಲವು ಯಂತ್ರಗಳಲ್ಲಿ ಅದರಿಂದ ಫಲಿತಾಂಶವೇ ತಪ್ಪಾಗಿ ಬರುತ್ತದೆ.

ಕಾರವಾರದಿಂದ

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ:

“ಬೆಳಿಗ್ಗೆ ಏಳುವ ಮೊದಲು ನಿಮ್ಮ ನಾಡಿ ನಿಮಿಷಕ್ಕೆ 60ಕ್ಕಿಂತ ನಿಧಾನವೇ? ದೂರ ಓಡುವವರಲ್ಲಿ ಇದು ಸಹಜ. ಜೊತೆಗೆ ಬಿಡದ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಗಿದ ಚರ್ಮ, ತೂಕ ಏರುವುದು ಇದ್ದರೆ ಥೈರಾಯ್ಡ್ ಸ್ರಾವದ ಕೊರತೆಗೆ ರಕ್ತ ಪರೀಕ್ಷೆ ಮಾಡಿಸಿ. ತಲೆ ಸುತ್ತಿ ಬಂದರೆ, ಎಚ್ಚರ ತಪ್ಪಿದರೆ ಕೂಡಲೇ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ.”

ಹೊನ್ನಾವರದಿಂದ

ಸರಿಯಿದೆ. ‘ಸಹಜ’ ಬೇಡ, ‘ಸಹಜವಿರಬಹುದು’ ಮಾಡಿ. ‘ಥೈರಾಯ್ಡ್’ ಮುಂದೆ ಜಾಗ ಬಿಟ್ಟಿದ್ದೀರಿ, ಒಳ್ಳೆಯದು. ಅಂಗಡಿಯವರು ಜಾಗ ತೆಗೆದರೆ ಮುಂದಿನ ‘ಸ್ರಾ’ ಹಿಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳುತ್ತದೆ. ಅಚ್ಚಿಗೆ ಮೊದಲು ಒಂದು ಪ್ರತಿ ತರಿಸಿ ನೋಡಿ.